ಅಕ್ಷರವೂ ಅದರ ಆಕಾರವೂ

ಕಳೆದ ಕಾರ್ತಿಕ ಮಾಸದಲ್ಲಿ ಬನಶಂಕರಿ ಎರಡನೆಯ ಹಂತದಲ್ಲಿರುವ ನಮ್ಮ ಮನೆಯ ಅಟ್ಟವನ್ನು ಶುಚಿಗೊಳಿಸುತ್ತಿದ್ದಾಗ ಒಂದು ಸಿ.ಡಿ. ದೊರೆಯಿತು. ಅದರ ಮೇಲೆ ನನ್ನದೇ ಕೈಬರಹದಲ್ಲಿ ‘ಹಾಡುಗಳು, 2004’ ಎಂದಿತ್ತು. ಲಿಂಗೈಕ್ಯರಾದ ನನ್ನ ಧರ್ಮಪತ್ನಿಯವರು ತಮ್ಮ ತವರಿನ ಹಿರಿಯ ಹೆಂಗಸರಿಂದ ಕೇಳಿ ಬರೆದುಕೊಂಡಿದ್ದ ಬೀಸುವ ಪದ, ಸೋಬಾನೆ ಪದಗಳ ಸಂಗ್ರಹವದು. ಜಯನಗರದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಅದನ್ನು ಬೆರಳಚ್ಚು ಮಾಡಿಸಿದ್ದೆವು. ಮೂಲ ನೋಟುಪುಸ್ತಕಗಳು ಮುಂದೆ ಗೆದ್ದಲಿನ ಪಾಲಾದವು.

ಬಿ.ಟಿ.ಎಂ. ಬಡಾವಣೆಯಲ್ಲಿರುವ ನನ್ನ ಮೊಮ್ಮಗಳು ಸಾಫ್ಟ್‌ವೇರ್ ಇಂಜಿನಿಯರ್. ಎಲ್ಲಿಂದಲೋ ಸಿ.ಡಿ. ಓದುವ ಯಂತ್ರವನ್ನು ಎರವಲು ತಂದು ಕಡತವನ್ನು ತೆರೆದಳು. ಪರದೆಯ ತುಂಬ ರೋಮನ್ ಅಕ್ಷರಗಳು. ಅವುಗಳ ನೆತ್ತಿಯ ಮೇಲೆ ಚುಕ್ಕೆ, ಗೀಟು, ಬಾಲ. ಒಂದು ಪದವೂ ಓದುವಂತಿರಲಿಲ್ಲ. ಎಲ್ಲವೂ ಹಾಳಾಯಿತೆಂದು ನಾನು ಕುಳಿತುಬಿಟ್ಟೆ.

“ಅಜ್ಜ, ಇದು ಹಾಳಾಗಿಲ್ಲ. ಇದರಲ್ಲಿ ಮೊದಲಿನಿಂದಲೂ ಕನ್ನಡ ಇರಲೇ ಇಲ್ಲ. ಕನ್ನಡದ ಚಿತ್ರ ಮಾತ್ರ ಇತ್ತು” ಎಂದಳು.

ಆ ಮಾತನ್ನು ಅರಗಿಸಿಕೊಳ್ಳಲು ನನಗೆ ಎರಡು ಭಾನುವಾರಗಳು ಬೇಕಾದವು. ಅವಳ ವೃತ್ತಿಯಲ್ಲಿ ಅಮೂರ್ತೀಕರಣವೆಂಬ ತತ್ತ್ವವೊಂದಿದೆಯಂತೆ. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ. ನಮ್ಮ ಅಡಿಗೆಮನೆಯ ಮಿಕ್ಸಿಗೆ ಗೋಡೆಯ ಪ್ಲಗ್ಗಿನ ರಂಧ್ರಗಳು ಗೊತ್ತಿದ್ದರೆ ಸಾಕು. ವಿದ್ಯುತ್ತು ಶರಾವತಿಯಿಂದ ಬಂದಿತೋ ರಾಯಚೂರಿನಿಂದ ಬಂದಿತೋ ಎಂಬುದು ಗೊತ್ತಿರಬೇಕಾಗಿಲ್ಲ. ನಾಳೆ ಸೌರವಿದ್ಯುತ್ತು ಬಂದರೂ ಚಟ್ನಿ ರುಬ್ಬುವುದು ನಿಲ್ಲದು. 1972ರಲ್ಲಿ ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು ಇದನ್ನೇ ತಂತ್ರಾಂಶ ರಚನೆಗೆ ಅನ್ವಯಿಸಿ ಪ್ರಬಂಧವೊಂದನ್ನು ಬರೆದರು. ಮುಂದೆ ಬದಲಾಗಬಹುದಾದ ನಿರ್ಧಾರ ಯಾವುದೋ ಅದನ್ನು ಒಂದು ಭಾಗದೊಳಗೆ ಮರೆಮಾಡಿಡಬೇಕು, ಉಳಿದ ಭಾಗಗಳು ಅದನ್ನು ನೆಚ್ಚಿಕೊಂಡಿರಬಾರದು ಎಂಬುದು ಅವರ ವಾದ.

ನಮ್ಮ ಸಿ.ಡಿ.ಯಲ್ಲಿ ಆಗಿದ್ದುದು ಇದಕ್ಕೆ ನೇರ ವಿರುದ್ಧ. ಅಂದಿನ ಕನ್ನಡ ಫಾಂಟುಗಳು ರೋಮನ್ ಲಿಪಿಗೆ ಮೀಸಲಾಗಿದ್ದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿದ್ದವು. ‘ಮ’ ಎಂಬುದು ಅಲ್ಲಿ ಒಂದು ಅಕ್ಷರವೇ ಅಲ್ಲ. ‘ವ’ಕಾರದ ಒಡಲು, ಮೇಲೊಂದು ತಲೆಕಟ್ಟು, ಪಕ್ಕದಲ್ಲೊಂದು ಕೊಂಬು. ‘ಧರ್ಮ’ ಎಂಬ ಪದವನ್ನು ನೋಡಿರಿ. ನಾವು ಉಚ್ಚರಿಸುವಾಗ ರೇಫವು ಮಕಾರಕ್ಕಿಂತ ಮೊದಲು ಬರುತ್ತದೆ. ಬರೆಯುವಾಗ ಅರ್ಕಾವತ್ತು ಮಕಾರದ ನಂತರ ಕುಳಿತುಕೊಳ್ಳುತ್ತದೆ. ಹಳೆಯ ಕಡತವು ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿದಿತ್ತು, ನಾಲಿಗೆಯ ಕ್ರಮವನ್ನಲ್ಲ. ಫಾಂಟು ಇರುವವರೆಗೆ ಎಲ್ಲವೂ ಸರಿ; ಫಾಂಟು ಇಲ್ಲದ ಯಂತ್ರದಲ್ಲಿ ಗೀಟು, ಬಾಲ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯು ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳನ್ನು ಕೊಟ್ಟಿತು. ಅದರಲ್ಲಿ ‘ಕ’ ಎಂದರೆ 3221 ಎಂಬ ಸಂಖ್ಯೆ. ಅದು ದಪ್ಪವೋ ತೆಳುವೋ, ದುಂಡಗಿದೆಯೋ ಓರೆಯೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ; ಆ ಕೆಲಸ ಫಾಂಟಿನದು. ‘ಧರ್ಮ’ವು ಧ, ರ, ವಿರಾಮ ಚಿಹ್ನೆ, ಮ ಎಂಬ ನಾಲ್ಕು ಸಂಖ್ಯೆಗಳಾಗಿ, ನುಡಿಯುವ ಕ್ರಮದಲ್ಲಿಯೇ ಉಳಿಯುತ್ತದೆ. (ತೆಲುಗಿನ ‘ಕ’ 3093; ಕನ್ನಡಕ್ಕಿಂತ ಸರಿಯಾಗಿ 128 ಕಡಿಮೆ. ಲಿಪಿಯ ಅಕ್ಕತಂಗಿಯರು ಇಲ್ಲಿಯೂ ನೆರೆಮನೆಯವರೇ!)

ಇದು ನಮ್ಮ ಸಮಾಜಕ್ಕೆ ಹೊಸ ಅನುಭವವೇನಲ್ಲ. ಫ.ಗು. ಹಳಕಟ್ಟಿಯವರು ಓಲೆಗರಿಯ ಕಟ್ಟುಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದಾಗ ಗರಿಯ ಮೇಲಿನ ಅಕ್ಷರದ ಆಕಾರ ಬೇರೆ, ಅಚ್ಚಿನ ಮೊಳೆಯ ಆಕಾರ ಬೇರೆ ಆಗಿತ್ತು. ಆಕಾರದ ಹಿಂದಿನ ಅಕ್ಷರವನ್ನು ಅವರ ಕಣ್ಣು ಗುರುತಿಸಿತು. ಗಣಕಯಂತ್ರಕ್ಕೆ ಆ ಕಣ್ಣಿಲ್ಲ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳ 15 ಗ್ರಂಥಗಳೂ ಮುಂದೆ ಗಣಕಕ್ಕೆ ಏರಿದಾಗ ಹಳೆಯ ಫಾಂಟಿನ ಈ ತೊಡಕಿಗೇ ಸಿಲುಕಿದವು. ‘ವಚನ ಸಂಚಯ’ವೆಂಬ ಯೋಜನೆಯ ತರುಣರು ಆ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿದ್ದರಿಂದ 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಇಂದು ಯಾರಾದರೂ ಮನೆಯಲ್ಲಿ ಕುಳಿತೇ ಹುಡುಕಬಹುದು. ಹಿಂದೆ ಇದು ಪಂಡಿತರ ಜೀವಮಾನದ ಕೆಲಸವಾಗಿತ್ತು.

ನಮ್ಮ ಕಡತವೂ ಪರಿವರ್ತಕಕ್ಕೆ ಹೋಯಿತು. ಅರ್ಧ ನಿಮಿಷದಲ್ಲಿ ಹಾಡುಗಳು ಹೊರಬಂದವು. ಮೊದಲ ಸಾಲನ್ನು ಮೊಮ್ಮಗಳು ಗಟ್ಟಿಯಾಗಿ ಓದಿದಾಗ ನಾನು ಏನೂ ಹೇಳಲಿಲ್ಲ. ಆದರೆ ಯಂತ್ರದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ನನ್ನ ನಾದಿನಿಯ ವಿಳಾಸವನ್ನು ಕಡತದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು; ಪರಿವರ್ತಕವು ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಒತ್ತಕ್ಷರಗಳ ಸರಮಾಲೆಯಾಗಿಸಿತ್ತು. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂಬ ತಿಳಿವಳಿಕೆ ಫಾಂಟಿನ ಹೆಸರಿನಲ್ಲಿ ಮಾತ್ರ ಇದ್ದಿತು. ಪಠ್ಯವನ್ನಷ್ಟೇ ಪ್ರತ್ಯೇಕಿಸಿದಾಗ ಆ ಹೆಸರೂ ಹೋಯಿತು. ಇನ್ನೊಂದು ಕಡೆ, ಕಾಗುಣಿತ ಪರೀಕ್ಷಿಸುವ ತಂತ್ರಾಂಶವು ಪುಟಕ್ಕೆ ಹತ್ತರಂತೆ ಕೆಂಪು ಗೆರೆ ಎಳೆಯಿತು.

“ಇವೆಲ್ಲ ತಪ್ಪೇ ಅಜ್ಜ? ತಿದ್ದಿಬಿಡಲೇ?”

“ಬೇಡ ಮಗಳೇ, ಅದು ನಿನ್ನ ಅಜ್ಜಿಯ ಊರಿನ ಮಾತು.”

1990ರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷಗಳ ಕಾಲ ವಂಶಾವಳಿ, ಸ್ಮರಣ ಸಂಚಿಕೆ, ಹಿರಿಯರ ಆತ್ಮವೃತ್ತಾಂತಗಳನ್ನು ಹೀಗೆ ಬೆರಳಚ್ಚು ಮಾಡಿಸಿದ ಮನೆಗಳು ನಮ್ಮಲ್ಲಿ ಬಹಳ. ಸಿ.ಡಿ.ಗಳನ್ನು ಎಸೆಯುವ ಮುನ್ನ ಒಮ್ಮೆ ತೆರೆದು ನೋಡಿರಿ. ‘ನುಡಿ’, ‘ಬರಹ’ ತಂತ್ರಾಂಶಗಳ ಈಚಿನ ಆವೃತ್ತಿಗಳಲ್ಲಿ ಪರಿವರ್ತಕವಿದೆ. ಮೂಲ ಕಡತವನ್ನೂ ಫಾಂಟಿನ ಹೆಸರನ್ನೂ ಕಾಪಾಡಿಕೊಂಡು, ಪ್ರತಿಯ ಮೇಲೆ ಮಾತ್ರ ಕೈಯಾಡಿಸಿರಿ. ಮನೆಯ ಕಿರಿಯರಿಗೆ ಇದು ಒಂದು ಸಂಜೆಯ ಕೆಲಸ. ಓದಿ ತಿದ್ದುವುದು ಹಿರಿಯರ ಪಾಲಿನದು, ಅದಕ್ಕೆ ಒಂದು ಸಂಜೆ ಸಾಲದು.

ನಮ್ಮ ಸಿ.ಡಿ.ಯ ಮೇಲೆ ಗೀರು ಬಿದ್ದಿದ್ದ ಕಾರಣ ಕೊನೆಯ ಒಂಬತ್ತು ಪುಟಗಳು ಯಾವ ಉಪಾಯಕ್ಕೂ ಒದಗಲಿಲ್ಲ. ಆ ಹಾಡುಗಳು ಈಗ ಇರುವುದು ನಾದಿನಿಯ ನೆನಪಿನಲ್ಲಿ ಮಾತ್ರ. ಶ್ರಾವಣದಲ್ಲಿ ಅವರನ್ನು ಮನೆಗೆ ಕರೆದಿದ್ದೇವೆ. ಅವರು ಹಾಡುತ್ತಾರೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ.