ಹೇಳದೆ ಸೇರಿಸಿದ ಸಾಲುಗಳು

ಹಳಗನ್ನಡ ಪದಗಳ ಅಕಾರಾದಿಯನ್ನು ಸಿದ್ಧಪಡಿಸಲು ಪೈಥಾನ್ ಭಾಷೆಯಲ್ಲಿ ನಾನು ಬರೆದುಕೊಂಡಿದ್ದ ಕ್ರಮವಿಧಿಯೊಂದು ಕಳೆದ ವಾರ ಹಠಾತ್ತನೆ ನಿಂತುಹೋಯಿತು. ಅದರಲ್ಲಿ ಒಂದಕ್ಷರವನ್ನೂ ತಿದ್ದಿರಲಿಲ್ಲ; ಹಿಂದಿನ ದಿನ ಹೊಸ ತಂತ್ರಾಂಶವೊಂದನ್ನು ಗಣಕಯಂತ್ರಕ್ಕೆ ಸೇರಿಸಿದ್ದೆನಷ್ಟೆ.

ಕಮಾಂಡ್‌ಲೈನಿನಲ್ಲಿ ನಾವು ಬರೀ ಹೆಸರೊಂದನ್ನು ಬರೆದರೆ, 1989ರಿಂದ ಬಳಕೆಯಲ್ಲಿರುವ ಬ್ಯಾಶ್ ಎಂಬ ಮಧ್ಯವರ್ತಿಯು 'ಪಾತ್' ಪಟ್ಟಿಯ ಸ್ಥಳಗಳನ್ನು ಕ್ರಮವಾಗಿ ಹುಡುಕಿ, ಮೊದಲು ಕಂಡದ್ದನ್ನೇ ನಡೆಸುತ್ತದೆ. 'ಟೈಪ್ -ಎ ಪೈಥಾನ್' ಎಂದು ಕೇಳಿದಾಗ ಗುಟ್ಟು ಬಯಲಾಯಿತು: ಪೈಥಾನ್‌ಗಳು ಎರಡಿದ್ದವು, ಅಗ್ರಪೂಜೆ ಹೊಸದಕ್ಕೆ. ನನ್ನ ಕ್ರಮವಿಧಿಗೆ ಬೇಕಾದ ಲೈಬ್ರರಿಯೋ ಹಳೆಯದರ ಬಳಿಯೇ ಉಳಿದಿತ್ತು. ಬ್ಯಾಶ್ ತೆರೆದಾಗಲೆಲ್ಲ ಓದಿಕೊಳ್ಳುವ 'ಬ್ಯಾಶ್‌ಆರ್‌ಸಿ' ಕಡತದ ಕೊನೆಗೆ ಆ ತಂತ್ರಾಂಶ ತನ್ನ ಸಾಲುಗಳನ್ನು ಸೇರಿಸಿತ್ತು. ಅವುಗಳ ಮೊದಲಿಗೆ ಟಿಪ್ಪಣಿಯ ಚಿಹ್ನೆಯಿಟ್ಟು ಹೊಸ ಕಿಟಕಿ ತೆರೆದೆ. ಅಕಾರಾದಿ ಮತ್ತೆ ನಡೆಯಿತು.

ಓಲೆಗರಿಯ ಪ್ರತಿಕಾರನು ಕವಿಯ ಪದ್ಯಗಳ ನಡುವೆ ತನ್ನದೊಂದನ್ನು ಸೇರಿಸಿದರೆ ಅದನ್ನು ಪ್ರಕ್ಷಿಪ್ತವೆನ್ನುತ್ತೇವೆ. ಪದ್ಯ ಸೊಗಸಾಗಿಯೇ ಇರಬಹುದು. ಹೇಳದೆ ಸೇರಿಸಿದ್ದೇ ದೋಷ. ತಂತ್ರಾಂಶವೂ ನಮ್ಮ ಕಡತವನ್ನು ಮುಟ್ಟುವ ಮುನ್ನ ಅನುಮತಿ ಬೇಡಲಿ. ಸೇರಿಸಿದ ಸಾಲುಗಳಿಗೆ ತನ್ನ ಹೆಸರಿಡಲಿ. ನಮ್ಮ ಕರ್ತವ್ಯವೂ ಒಂದುಂಟು: ಏನನ್ನೇ ಸ್ಥಾಪಿಸುವ ಮೊದಲು ಆ ಕಡತದ ಪ್ರತಿಯೊಂದನ್ನು ಕಾಪಿಟ್ಟುಕೊಳ್ಳುವುದು. ಎದುರಿಗಿಟ್ಟು ನೋಡಲು ಇನ್ನೊಂದು ಪ್ರತಿಯಿಲ್ಲದೆ ಯಾವ ಪಾಠವನ್ನು ತಾನೇ ಶೋಧಿಸಬಲ್ಲೆವು?