ಗಾಡಿ ದಿನವೂ ನೀರು ಕೇಳುತ್ತಿದ್ದರೆ

ಈ ಸಲ ಒಂದು ಹಳೆಯ ಕಾರಿನ ಸಂಗತಿ. ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರ ಮಾಡುವ ನಮ್ಮ ಭಾವನವರ ಬಳಿ ಮಾರುತಿ 800 ಇದೆ. ಆ ಗಾಡಿಯ ತಯಾರಿಕೆ 2014ರಲ್ಲೇ ನಿಂತಿತು. ಭಾವನವರಿಗೆ ಅದರ ಮೇಲಿನ ಮಮತೆ ಮಾತ್ರ ನಿಂತಿಲ್ಲ. ಕಳೆದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ವಿಜಯಮಂಗಲದ ಬಸದಿಗೆ ಹೋಗಿ ಬರುವಾಗ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಮರದಡಿ ಒಂದು ಗಂಟೆ ನಿಂತೆವು. ಸೂರ್ಯ ಮುಳುಗುವುದರೊಳಗೆ ಮನೆ ಸೇರಿ ಊಟ ಮುಗಿಸಬೇಕಿದ್ದ ಅಕ್ಕನ ಮುಖ ನೋಡುವಂತಿರಲಿಲ್ಲ.

ಅಳಿಯ ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತೆಗೆಯಲು ಹೊರಟ. ಕೈ ಹಿಡಿದು ನಿಲ್ಲಿಸಿದೆ. ಮುಚ್ಚಳದ ಒಳಗೆ ಒತ್ತಡವಿರುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆಗೆದೊಡನೆ ಅದು ಆವಿಯಾಗಿ ಮುಖಕ್ಕೆ ಹಾರುತ್ತದೆ. ಎಂಜಿನ್ ಕೈ ಇಡುವಷ್ಟು ಆರುವವರೆಗೆ ಕಾಯಲೇಬೇಕು. ಸುಡುವ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು, ಲೋಹ ಬಿರಿಯಬಹುದು.

ಆಮೇಲೆ ವಿಚಾರಿಸಿದರೆ, ಡ್ರೈವರು ಎರಡು ತಿಂಗಳಿಂದ ದಿನಕ್ಕೊಂದು ಚೊಂಬು ನೀರು ಹಾಕುತ್ತಿದ್ದನಂತೆ! ಅಂಗಡಿಯಲ್ಲಿ ಹತ್ತು ರೂಪಾಯಿ ಕಡಿಮೆ ಬಿದ್ದರೆ ರಾತ್ರಿಯೆಲ್ಲ ಲೆಕ್ಕ ಹುಡುಕುವ ಭಾವನವರು ಇದನ್ನು ಕೇಳಿಯೇ ಇರಲಿಲ್ಲ. ಕೂಲೆಂಟ್ ಮುಚ್ಚಿದ ದಾರಿಯಲ್ಲಿ ಸುತ್ತುವ ದ್ರವ. ಪದೇ ಪದೇ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಒಂದು ಗ್ಯಾರೇಜಿನವರು ನೋಡಿದ ತಕ್ಷಣ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದರು. ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಹೊಗೆ ಬೆಳ್ಳಗೆ ಬರುತ್ತಲೇ ಇರುತ್ತದೆ, ಆಯಿಲ್ ಮುಚ್ಚಳದಡಿ ಮಜ್ಜಿಗೆಯಂಥ ನೊರೆ ಕಟ್ಟಬಹುದು. ಇಲ್ಲಿ ಎರಡೂ ಇರಲಿಲ್ಲ. ನಾವು ರಾತ್ರಿ ಗಾಡಿಯಡಿ ಹಳೆಯ ದಿನಪತ್ರಿಕೆ ಹಾಸಿದೆವು. ಬೆಳಿಗ್ಗೆ ಮುಂಭಾಗದಲ್ಲಿ ಬೆಲ್ಟ್ ಇರುವ ಕಡೆ ಮಾತ್ರ ಒದ್ದೆ. ಇನ್ನೊಬ್ಬ ಮೇಸ್ತ್ರಿ ಕೈಪಂಪಿನಿಂದ ರೇಡಿಯೇಟರಿಗೆ ಒತ್ತಡ ಕೊಟ್ಟು ಟಾರ್ಚ್ ಹಿಡಿದ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಹನಿ ಬಂತು. ಒಳಗಿನ ಸೀಲು ಸವೆದರೆ ತಿಳಿಯಲೆಂದೇ ಆ ತೂತು ಇಟ್ಟಿರುತ್ತಾರೆ. ಮೋಟಾರ್ ಪಂಪಿಗೆ ಹೆಸರಾದ ಕೊಯಮತ್ತೂರಿನ ಸೀಮೆಯವರಿಗೆ ಸೀಲು ಸವೆಯುವುದನ್ನು ಬಿಡಿಸಿ ಹೇಳಬೇಕಿಲ್ಲ.

ಪಂಪು, ಬೆಲ್ಟ್, ಗಟ್ಟಿಯಾಗಿದ್ದ ಎರಡು ರಬ್ಬರ್ ಹೋಸು, ರೇಡಿಯೇಟರ್ ಮುಚ್ಚಳ ಬದಲಾದವು. ಮುಚ್ಚಳದ ರಬ್ಬರ್ ಹಳತಾದರೂ ಆವಿ ಸದ್ದಿಲ್ಲದೆ ಹೋಗುತ್ತದೆ, ಕೆಳಗೆ ಹನಿಯೂ ಕಾಣುವುದಿಲ್ಲ. ಸೋರಿಕೆಗೆ ಅರಿಶಿನ ಪುಡಿ ಹಾಕುವ ಡ್ರೈವರುಗಳಿದ್ದಾರೆ. ಊರು ಸೇರಲು ಸರಿಹೋದೀತು, ಆದರೆ ರೇಡಿಯೇಟರಿನ ಸಣ್ಣ ನಳಿಗೆಗಳು ಕಟ್ಟಿಕೊಳ್ಳುತ್ತವೆ.

ಇನ್ನು ನೀರು. ಕುಡಿಯುವ ನೀರನ್ನು ಕಾಯಿಸುವ ನಮ್ಮ ಮನೆಗಳಲ್ಲಿ ಪಾತ್ರೆಯ ತಳದ ಬಿಳಿ ಪದರ ಯಾರಿಗೆ ಗೊತ್ತಿಲ್ಲ? ಬೋರ್‌ವೆಲ್ ನೀರು ಎಂಜಿನ್ನಿನೊಳಗೂ ಅದನ್ನೇ ಮಾಡುತ್ತದೆ. ಸಿರುವಾಣಿಯ ಸಿಹಿನೀರಾದರೂ ತುಕ್ಕು ತಡೆಯದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ ಬೆರೆಸಬೇಕು. ಬೆರೆಸಿದ್ದನ್ನೇ ಮಾರುವ ಡಬ್ಬಿಯಾದರೆ ಮತ್ತೆ ನೀರು ಸೇರಿಸಬಾರದು.

ಅಕ್ಕ ಕೇಳಿದ ಒಂದು ಪ್ರಶ್ನೆ ನಮಗೆ ಯಾರಿಗೂ ಹೊಳೆದಿರಲಿಲ್ಲ: ‘ಈ ಹಸಿರು ನೀರನ್ನು ಬೆಕ್ಕು ನೆಕ್ಕಿದರೆ?’ ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಘೋರ ವಿಷವೂ ಹೌದು. ಒಂದೆರಡು ಚಮಚ ನೆಕ್ಕಿದರೂ ಮೂತ್ರಪಿಂಡ ಕೆಟ್ಟು ಬೆಕ್ಕು ಸಾಯುತ್ತದೆ. ನಾಯಿಗೂ, ಮಕ್ಕಳಿಗೂ ಅಪಾಯವೇ. ಚೆಲ್ಲಿದ್ದಕ್ಕೆ ತಕ್ಷಣ ಮರದ ಹೊಟ್ಟು ಹಾಕಿ ಹೀರಿಸಿ, ಅದನ್ನು ಚೀಲದಲ್ಲಿ ಕಟ್ಟಿಡಬೇಕು. ಹಳೆಯದನ್ನು ಚರಂಡಿಗೆ ಸುರಿಯದೆ ಮುಚ್ಚಿದ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಡಬೇಕು. ಭಾವನವರ ಗೋಡೌನಿನಲ್ಲಿ ಮೂರು ಬೆಕ್ಕುಗಳಿವೆ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಗೆರೆ ನೋಡಿ ಅಂಗಡಿಯ ಡೈರಿಯಲ್ಲಿ ಬರೆಯುತ್ತಾರೆ. ಇದುವರೆಗೆ ಇಳಿದಿಲ್ಲ.