ತಲೆಬಾಗಿಲಿನ ರೌಟರು, ಪಡಸಾಲೆಯ ಸ್ವಿಚ್ಚು

ಕೊಬ್ಬರಿ ಮಂಡಿಯೆಂದರೆ ತಕ್ಕಡಿ, ಗೋಣಿಚೀಲ, ಲೆಕ್ಕದ ಪುಸ್ತಕ ಎಂಬ ಕಾಲ ಹಿಂದಾಯಿತು. 2014ರಲ್ಲಿ ಕರ್ನಾಟಕದ ಕೃಷಿ ಮಾರುಕಟ್ಟೆಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿತು; ತಿಪಟೂರಿನ ಕೊಬ್ಬರಿ ಟೆಂಡರೂ ಗಣಕಯಂತ್ರದ ಪರದೆಯನ್ನೇರಿತು. 2017ರ ಜುಲೈನಲ್ಲಿ ಜಿ.ಎಸ್.ಟಿ., 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ಲು ಜಾರಿಯಾದವು. ಉತ್ತರ ಭಾರತಕ್ಕೆ ಹೊರಟ ಉಂಡೆ ಕೊಬ್ಬರಿಯ ಲಾರಿ ಆ ಬಿಲ್ಲಿಲ್ಲದೆ ಕದಲುವಂತಿಲ್ಲ. ಒಂದೇ ಯಂತ್ರವಿದ್ದ ಮಂಡಿಗಳಲ್ಲಿ ಇಂದು ಐದಾರು ಯಂತ್ರಗಳು, ಪ್ರಿಂಟರು, ಕಾವಲು ಕ್ಯಾಮೆರಾಗಳು ಸೇರಿಕೊಂಡಿವೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಪತ್ತಿನ ಸಹಕಾರ ಸಂಘಗಳಿಗೂ ವಿದ್ಯಾರ್ಥಿನಿಲಯಗಳ ಕಚೇರಿಗಳಿಗೂ ಈ ಮಾತು ಸಲ್ಲುತ್ತದೆ. ಇವೆಲ್ಲವೂ ಒಮ್ಮೆಗೇ ಯೋಚಿಸಿ ಕಟ್ಟಿದವುಗಳಲ್ಲ. ಮನೆಗೆ ಕೋಣೆ ಕೂಡಿಸಿದಂತೆ ಒಂದೊಂದಾಗಿ ಕೂಡಿಸಿದವು. ಆದಕಾರಣ ಕೆಲಸ ನಿಧಾನವಾದೊಡನೆ ಏನನ್ನು ಬದಲಿಸಬೇಕೆಂಬುದೇ ತಿಳಿಯದಾಗುತ್ತದೆ.

ತಿಪಟೂರಿನ ನಮ್ಮ ಪರಿಚಿತರೊಬ್ಬರ ಮಂಡಿಯಲ್ಲಿ ನಡೆದುದನ್ನೇ ಹೇಳುತ್ತೇವೆ. ಮುಂದಿನ ಕೊಠಡಿಯಲ್ಲಿ ಬಿಲ್ಲು ಬರೆಯುವ ಯಂತ್ರಗಳು. ಹಿಂದಿನ ಗೋದಾಮಿನಲ್ಲಿ ತೂಕದ ಲೆಕ್ಕದ ಯಂತ್ರ ಮತ್ತು ಬಿಲ್ಲು ಮುದ್ರಿಸುವ ಪ್ರಿಂಟರು. ಗೋದಾಮಿಗೆ ಇನ್ನೆರಡು ಯಂತ್ರ ಬೇಕಾದಾಗ ಅಂಗಡಿಯೊಂದರವರು ಒಂದು ಪೆಟ್ಟಿಗೆ ತಂದು ಜೋಡಿಸಿಹೋದರು. ಅಂದಿನಿಂದ ಮುಂದಿನ ಕೊಠಡಿಯ ಬಿಲ್ಲು ಗೋದಾಮಿನ ಪ್ರಿಂಟರಿಗೆ ತಲುಪದಾಯಿತು. ಇಂಟರ್‌ನೆಟ್ಟು ಮಾತ್ರ ಎರಡೂ ಕಡೆ ಸರಿಯಾಗಿಯೇ ಇತ್ತು. ‘ವೇಗ ಸಾಲದು’ ಎಂಬ ಸಲಹೆಯ ಮೇರೆಗೆ ಹೆಚ್ಚು ಬಾಡಿಗೆಯ ಸಂಪರ್ಕವನ್ನು ಪಡೆದರು, ಫಲ ಶೂನ್ಯ. ಟೆಂಡರಿನ ದಿನ ಕೊಬ್ಬರಿ ತಂದ ರೈತರು ಬಿಲ್ಲಿಗಾಗಿ ಸಂಜೆಯವರೆಗೆ ಕಾಯ್ದು, ತುರುವೇಕೆರೆಯ ಕಡೆಯ ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ವರ್ಷವಿಡೀ ಅಟ್ಟದ ಮೇಲೆ ಕಾಯಿ ಒಣಗಿಸಿ ಕೊಬ್ಬರಿ ಮಾಡಿದವನು ಹಣಕ್ಕಾಗಿ ಒಂದು ಪೆಟ್ಟಿಗೆಯ ಮುಂದೆ ಕುಳಿತಿರಬೇಕಾದುದು ಸಣ್ಣ ಸಂಗತಿಯಲ್ಲ.

ಆ ಪೆಟ್ಟಿಗೆ ಏನಾಗಿತ್ತು? ರೌಟರು. ಬೇಕಾಗಿದ್ದುದು ಸ್ವಿಚ್ಚು.

ಸ್ವಿಚ್ಚೆಂದರೆ ದೀಪ ಹಚ್ಚುವ ಗುಂಡಿಯಲ್ಲ. ಒಂದೇ ಕಚೇರಿಯೊಳಗಿನ ಯಂತ್ರಗಳನ್ನು ಪರಸ್ಪರ ಕೂಡಿಸುವ ಪೆಟ್ಟಿಗೆಯದು. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲಿಯೇ ಕೊಟ್ಟ ಗುರುತಿನ ಸಂಖ್ಯೆಯೊಂದಿರುತ್ತದೆ. ಯಾವ ಸಂಖ್ಯೆಯವನು ಯಾವ ತೂತಿನ ತಂತಿಯಲ್ಲಿದ್ದಾನೆಂಬುದನ್ನು ಸ್ವಿಚ್ಚು ನೋಡಿ ನೆನಪಿಟ್ಟುಕೊಂಡು, ಬಂದ ಕಾಗದವನ್ನು ಅವನಿಗೇ ಕೊಡುತ್ತದೆ. ಇದಕ್ಕಿಂತ ಹಿಂದೆ ಬಳಕೆಯಲ್ಲಿದ್ದ ಹಬ್ ಎಂಬ ಪೆಟ್ಟಿಗೆಯಾದರೋ ಬಂದದ್ದನ್ನೆಲ್ಲ ಎಲ್ಲರಿಗೂ ಕೂಗಿ ಹೇಳುತ್ತಿತ್ತು. ಅಂಥದು ಇನ್ನೂ ಮೂಲೆಯಲ್ಲಿದ್ದರೆ ತೆಗೆದುಬಿಡುವುದು ಲೇಸು.

ರೌಟರಿನ ಕಾರ್ಯ ಬೇರೆ. ಅದು ತಲೆಬಾಗಿಲಿನಲ್ಲಿ ನಿಂತು ಒಳಗಿನ ಜಾಲವನ್ನು ಹೊರಗಿನ ಜಾಲಕ್ಕೆ ಕೂಡಿಸುತ್ತದೆ. ಸಂಪರ್ಕ ಕೊಡುವ ಸಂಸ್ಥೆಯಿಂದ ಕಚೇರಿಗೆ ಸಾಮಾನ್ಯವಾಗಿ ಬರುವುದು ಒಂದೇ ವಿಳಾಸ. ಒಳಗಿನ ಹತ್ತು ಯಂತ್ರಗಳಿಗೆ ರೌಟರೇ ತನ್ನ ಕಡೆಯಿಂದ ಒಳವಿಳಾಸಗಳನ್ನು ಹಂಚುತ್ತದೆ; 192.168 ಎಂದು ಮೊದಲಾಗುವ ಸಂಖ್ಯೆಗಳು ಹೆಚ್ಚಾಗಿ ಇವೇ. ಒಳಗಿನವರು ಕೇಳಿದ್ದನ್ನು ಹೊರಗಿನಿಂದ ತರಿಸಿ ಕೊಡುತ್ತದೆ. ಕೇಳದೆ ಹೊರಗಿನಿಂದ ಬಂದವರನ್ನು ಒಳಗೆ ಬಿಡುವುದಿಲ್ಲ. ಗೋದಾಮಿನಲ್ಲಿ ನಡೆದದ್ದು ಇದೇ. ಎರಡನೆಯ ರೌಟರಿಗೆ ಮುಂದಿನ ಕೊಠಡಿಯವರು ‘ಹೊರಗಿನವರು’. ಮನೆಯ ನಡುವೆ ಇನ್ನೊಂದು ತಲೆಬಾಗಿಲಿಟ್ಟು ಅಗಳಿ ಹಾಕಿದಂತಾಯಿತು. ಅದನ್ನು ತೆಗೆದು ಎಂಟು ತೂತಿನ ಸಾಮಾನ್ಯ ಸ್ವಿಚ್ಚನ್ನಿಟ್ಟು, ಪ್ರಿಂಟರಿಗೆ ಹೊಸ ವಿಳಾಸ ಕೊಟ್ಟ ಮಧ್ಯಾಹ್ನವೇ ಬಿಲ್ಲುಗಳು ಮುದ್ರಿತವಾದವು.

ಗೊಂದಲಕ್ಕೆ ಕಾರಣವೂ ಇಲ್ಲದಿಲ್ಲ. ಸಂಪರ್ಕದೊಡನೆ ಬರುವ ಪೆಟ್ಟಿಗೆಯೊಳಗೆ ರೌಟರು, ನಾಲ್ಕು ತೂತಿನ ಸಣ್ಣ ಸ್ವಿಚ್ಚು, ವೈಫೈ ಮೂರೂ ಒಟ್ಟಿಗೆ ಅಡಗಿರುತ್ತವೆ. ನೋಡಿದವರಿಗೆ ಎಲ್ಲವೂ ಒಂದೇ ಎನಿಸುವುದು ಸಹಜ.

ಹಣ ತೆರುವ ಮುನ್ನ ಓದುಗ ಬಂಧುಗಳು ತಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಇಂಟರ್‌ನೆಟ್ಟು ನಿಂತಿದ್ದು, ಪಕ್ಕದ ಕೋಣೆಯ ಪ್ರಿಂಟರು ಕೆಲಸ ಮಾಡುತ್ತಿದ್ದರೆ ದೋಷವು ರೌಟರಿನಲ್ಲಿಯೋ ಅದರಾಚೆಯೋ ಇದೆ. ಇಂಟರ್‌ನೆಟ್ಟು ಇದ್ದು ಪ್ರಿಂಟರು ಸಿಗದಿದ್ದರೆ ದೋಷ ಒಳಗಿನದು. ವೇಗದ ಸಂಪರ್ಕ ಕೊಂಡು ಪ್ರಯೋಜನವಿಲ್ಲ. ಆಗ ಎರಡು ಯಂತ್ರಗಳ ವಿಳಾಸಗಳನ್ನು ಹೋಲಿಸಿರಿ. ಸಣ್ಣ ಕಚೇರಿಯಲ್ಲಿ ಮೊದಲ ಮೂರು ಭಾಗಗಳು ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ಒಂದರಲ್ಲಿ 192.168.1, ಇನ್ನೊಂದರಲ್ಲಿ 192.168.0 ಎಂದಿದ್ದರೆ ಎಲ್ಲೋ ಎರಡನೆಯ ರೌಟರು ಕುಳಿತಿದೆಯೆಂದೇ ಶಂಕಿಸಬೇಕು.

ಹೊಸ ಸ್ವಿಚ್ಚು ಕೊಳ್ಳುವುದಾದರೆ ಗಿಗಾಬಿಟ್ಟಿನದನ್ನೇ, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್ಟಿನದನ್ನೇ ಕೊಳ್ಳಿರಿ. ಇಂದಿಗಿಂತ ಎರಡು ತೂತು ಹೆಚ್ಚೇ ಇರಲಿ. ನಾನಾ ಹೊಂದಾಣಿಕೆಗಳುಳ್ಳ ದುಬಾರಿ ಸ್ವಿಚ್ಚು ಹತ್ತು ಯಂತ್ರಗಳ ಕಚೇರಿಗೆ ಅನವಶ್ಯಕವೆಂದೇ ನಮ್ಮ ಅಭಿಪ್ರಾಯ. ಆ ಹಣವನ್ನು ಒಳ್ಳೆಯ ತಂತಿಗೆ ಹಾಕುವುದು ಮೇಲು. ತಂತಿಯೊಳಗಿನ ನಾಲ್ಕು ಜೋಡಿ ಎಳೆಗಳೂ ಸರಿಯಿದ್ದರೆ ಮಾತ್ರ ಗಿಗಾಬಿಟ್ ವೇಗ. ಒಂದು ಎಳೆ ಕಡಿದರೂ ವೇಗ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ತಾಮ್ರದ ತಂತಿಯ ಓಟ 100 ಮೀಟರ್ ಮೀರಬಾರದು. ಒಂದೇ ತಂತಿಯ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಸಂದೇಶಗಳು ಸುತ್ತುತ್ತಲೇ ಇದ್ದು ಇಡೀ ಕಚೇರಿ ಸ್ತಬ್ಧವಾಗುವುದುಂಟು. ಕಸ ಗುಡಿಸುವಾಗ ಕೆಳಗೆ ಬಿದ್ದ ತುದಿಯನ್ನು ಸದ್ಭಾವದಿಂದ ಎತ್ತಿ ಚುಚ್ಚುವವರು ಎಲ್ಲ ಕಚೇರಿಗಳಲ್ಲಿಯೂ ಇದ್ದಾರೆ.

ರೌಟರನ್ನು ಬದಲಿಸಬೇಕಾದುದು ಅದು ಪದೇಪದೇ ತಾನಾಗಿ ನಿಂತುಹೋಗುತ್ತಿದ್ದರೆ, ತಯಾರಕರು ಅದರ ಸುರಕ್ಷತೆಯ ಪರಿಷ್ಕರಣೆ ನಿಲ್ಲಿಸಿದ್ದರೆ, ಅಥವಾ ಬಂದುಹೋಗುವವರಿಗೆ ಪ್ರತ್ಯೇಕ ವೈಫೈ ಕೊಡುವ ಸೌಕರ್ಯ ಅದರಲ್ಲಿ ಇಲ್ಲದಿದ್ದರೆ. ಲೆಕ್ಕಪತ್ರವಿರುವ ಜಾಲದ ಗುಪ್ತಪದವನ್ನು ಗೋಡೆಗೆ ಅಂಟಿಸಿದ ಸಂಘವೊಂದನ್ನು ನಾವು ಕಣ್ಣಾರೆ ಕಂಡಿದ್ದೇವೆ! ಕೊಂಡಾಗ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸತಕ್ಕದ್ದು.

ನಮ್ಮ ಸೀಮೆಗೇ ಸಂಬಂಧಿಸಿದ ಇನ್ನೆರಡು ಮಾತು. ಗೋದಾಮಿನಲ್ಲಿ ಇಲಿಗಳು ಕೊಬ್ಬರಿಯಷ್ಟೇ ಆಸ್ಥೆಯಿಂದ ತಂತಿಯನ್ನೂ ಕಡಿಯುತ್ತವೆ. ಆದ್ದರಿಂದ ತಂತಿಯನ್ನು ಕೊಳವೆಯೊಳಗೇ ಎಳೆಸಬೇಕು. ಮುಂಗಾರಿಗೆ ಮುನ್ನಿನ ಗುಡುಗು ಮಳೆಯಲ್ಲಿ, ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ಎಳೆದ ತಾಮ್ರದ ತಂತಿಯು ಸಿಡಿಲಿನ ಹೊಡೆತವನ್ನು ಎರಡೂ ಕಡೆಯ ಪೆಟ್ಟಿಗೆಗಳಿಗೆ ತಲುಪಿಸಬಲ್ಲದು. ಅಲ್ಲಿ ವಿದ್ಯುತ್ತನ್ನು ಹರಿಯಗೊಡದ ಗಾಜಿನ ಎಳೆಯ ತಂತಿಯೇ ಯೋಗ್ಯ. ರೌಟರು, ಸ್ವಿಚ್ಚುಗಳಿಗೆ ಬೇಕಾಗುವ ವಿದ್ಯುತ್ತು ಅತ್ಯಲ್ಪ. ಅವನ್ನೂ ಗಣಕಯಂತ್ರದ ಯು.ಪಿ.ಎಸ್.ಗೇ ಸೇರಿಸಿದರೆ ಕರೆಂಟು ಹೋದ ಗಳಿಗೆಯಲ್ಲಿಯೂ ಅರ್ಧಕ್ಕೆ ನಿಂತ ಟೆಂಡರಿನ ದರವನ್ನು ನಮೂದಿಸಿ ಮುಗಿಸಬಹುದು.